ತುಪ್ಪದ ಗಿಂಡಿಯ ಸವಾರಿ

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದರು. ಬೆಣ್ಣೆ ಕರಗಿ, ನೊರೆ ಅಡಗಿ, ಇನ್ನೇನು ತುಪ್ಪವಾಯಿತು ಎನ್ನುವಾಗ ನುಗ್ಗೆಸೊಪ್ಪಿನ ಒಂದು ಎಸಳು ಹಾಕುತ್ತಾರೆ ನೋಡಿ, ಅದು ಚುರ್ ಎಂದಾಗ ಬರುವ ವಾಸನೆಗೆ ನಾನು ಎಲ್ಲಿದ್ದರೂ ಎದ್ದು ಕೂರುತ್ತೇನೆ. ನನಗೆ ಎಂಬತ್ತು ದಾಟಿದೆ. ಕಣ್ಣು ಅರ್ಧ ಹೋಗಿದೆ, ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಮೂಗೊಂದು ಇನ್ನೂ ನೌಕರಿಯಲ್ಲಿದೆ. ತುಪ್ಪದ ತಳದಲ್ಲಿ ಗರಿಗರಿಯಾಗಿ ಉಳಿಯುವ ಆ ಸೊಪ್ಪು ಹುಟ್ಟಿದಾಗಿನಿಂದ ನನ್ನ ಹಕ್ಕು ಎಂದು ನಾನು ನಂಬಿದ್ದೇನೆ.

ಹಾಗೆ ಎದ್ದು ಜಗಲಿಯಲ್ಲಿ ಕೂತಿದ್ದಾಗಲೇ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದಳು. ನಮ್ಮ ಮೊಮ್ಮಗನ ಹೆಂಡತಿಗೆ ಈಗ ಎರಡು ತಿಂಗಳು. ನರ್ಸಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, "ತಾತ, ಬಸುರಿ ಊಟ ಹೆಂಗೆ? ಹಾಲು, ಕಾಳು, ಸೊಪ್ಪು ಎಲ್ಲಾ ತಿಂತಾರಾ?" ಎಂದಳು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನಮ್ಮನೇಲಿ ಹಾಲು ತುಪ್ಪಕ್ಕೇನು ಬರ ಬಂದಿಲ್ಲ ಕಣಮ್ಮ. ದಿನಾ ತಿಂತಾಳೆ, ಬರ್ಕೊ" ಎಂದೆ.

ಒಳಗಿನಿಂದ ಒಂದು ನಗು ಕೇಳಿಸಿತು. ನಗು ನನ್ನ ಹೆಂಡತಿಯದು. ಅವಳಿಗೆ ಎಪ್ಪತ್ತೆಂಟೋ ಎಂಬತ್ತೋ. ಹಲ್ಲು ಹೋದರೂ ನಗು ಹೋಗಿಲ್ಲ. ಅವಳು ನಕ್ಕದ್ದು ಯಾಕೆಂದರೆ, ನಾನು ಹೇಳಿದ ಮಾತು ನನ್ನದಲ್ಲ. ಅಕ್ಷರಕ್ಕೆ ಅಕ್ಷರ ನಮ್ಮವ್ವನದು. ಅವ್ವ ಅದನ್ನು ಹೇಳಿದ್ದು ಮಹಾರಾಜರ ಕಾಲದಲ್ಲಿ, ಇದೇ ಮಧುಗಿರಿಯಲ್ಲಿ, ಇದೇ ಮನೆಯ ನಡುಮನೆಯಲ್ಲಿ. ಅದನ್ನು ಬರೆದುಕೊಂಡವನು ನಾನು. ನೀವು ಸ್ವಲ್ಪ ಹೊತ್ತು ಕೂರುವುದಾದರೆ ಹೇಳುತ್ತೇನೆ. ನರ್ಸಮ್ಮನೂ ಇನ್ನೂ ಹೆಸರು, ವಯಸ್ಸು ಎಂದು ಬರೆಯುತ್ತಲೇ ಇದ್ದಾಳೆ, ಬರೆಯಲಿ.

ನಾನಾಗ ಸರ್ಕಾರಿ ಗುಮಾಸ್ತ. ಯಾವ ಕಚೇರಿ ಎಂದು ಕೇಳಬೇಡಿ, ಕಚೇರಿಗಳಿಗೂ ಮೊಮ್ಮಕ್ಕಳಿರುತ್ತಾರೆ, ಸುಮ್ಮನೆ ಯಾಕೆ ಅವರಿಗೆ ಅವಮಾನ. ನನ್ನ ಅಕ್ಷರ ದುಂಡಗಿತ್ತು. ಅದು ಬಿಟ್ಟರೆ ನನ್ನಲ್ಲಿ ಇನ್ಯಾವ ಗುಣವೂ ಇರಲಿಲ್ಲ ಎಂದು ನನ್ನ ಮೇಲಿನವರು ಹೇಳುತ್ತಿದ್ದರು, ನನ್ನ ಕೆಳಗೆ ಯಾರೂ ಇರಲಿಲ್ಲ. ಒಂದು ದಿನ ಬೆಂಗಳೂರಿನಿಂದ ಒಬ್ಬ ಡಾಕ್ಟರು ಬಂದರು. ಕೋಟು, ಜರತಾರಿ ಪೇಟ, ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಮಲಗಿಸಿದ ಹಿತ್ತಾಳೆಯ ತಕ್ಕಡಿ, ಪಕ್ಕದಲ್ಲಿ ಸಾಲಾಗಿ ತೂಕದ ಬಟ್ಟುಗಳು. ಎರಡೇ ದಿನದಲ್ಲಿ ಊರು ಅವರಿಗೆ ತಕ್ಕಡಿ ಡಾಕ್ಟರು ಎಂದು ನಾಮಕರಣ ಮಾಡಿತು. ತಂದೆತಾಯಿ ಇಟ್ಟ ಹೆಸರು ಆಮೇಲೆ ಯಾರಿಗೂ ಬೇಕಾಗಲಿಲ್ಲ.

ಡಾಕ್ಟರು ಹುಡುಕಿಕೊಂಡು ಬಂದದ್ದು ಒಂದು ಕಾರಣವನ್ನು. ನಮ್ಮ ಸೀಮೆಯಲ್ಲಿ ಕೆಲವು ಕೂಸುಗಳು ತುಟಿ ಸೀಳಿಕೊಂಡು ಹುಟ್ಟುತ್ತವೆ, ಕೆಲವು ಪಾದ ತಿರುಚಿಕೊಂಡು, ಕೆಲವು ಬೆನ್ನ ಮೇಲೆ ಗಂಟು ಹೊತ್ತುಕೊಂಡು. ಯಾಕೆ? ಅದಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ಕಡೆಯೂ ಮನೆ ಮನೆಗೆ ಹೋಗಿ ವಿಚಾರಿಸಬೇಕು. "ನೋಡಿ ಗುಮಾಸ್ತರೇ, ಬಸುರಿಯ ತಟ್ಟೆಯಲ್ಲಿ ಏನು ಬೀಳುತ್ತದೆ ಎಂಬುದರಲ್ಲಿ ಉತ್ತರ ಇದೆ ಅಂತ ನನ್ನ ಊಹೆ" ಎಂದರು ಡಾಕ್ಟರು. ನನ್ನ ಕೈಗೆ ನಮೂನೆಗಳ ಕಟ್ಟನ್ನೂ ಒಂದು ಕಾಪಿ ಪೆನ್ಸಿಲನ್ನೂ ಕೊಟ್ಟರು. ಕಾಪಿ ಪೆನ್ಸಿಲು ನೀವು ನೋಡಿರಲಿಕ್ಕಿಲ್ಲ. ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬರೆದರೆ ನೇರಳೆ ಬಣ್ಣ ಬರುತ್ತದೆ, ಬರೆದದ್ದು ಅಳಿಸಿಹೋಗುವುದಿಲ್ಲ. ಆ ಮೂರು ತಿಂಗಳು ನನ್ನ ನಾಲಿಗೆ ನೇರಳೆಹಣ್ಣು ತಿಂದವನ ಹಾಗಿತ್ತು.

ಇದು ನನಗೆ ಬರೀ ಸರ್ಕಾರದ ಕೆಲಸ ಆಗಿರಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಮೂರು ತಿಂಗಳ ಬಸುರಿ. ಅದು ಎರಡನೆಯದು. ಮೊದಲನೆಯದು ಗಂಡು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಿತ್ತು, ಆದರೆ ನೋವು ಮುಂಚೆಯೇ ಬಂದು ನಮ್ಮ ಮನೆಯಲ್ಲೇ ಆಯಿತು. ಕೂಸಿನ ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ಒಂದು ಗಂಟು. ಕಾಲು ಆಡುತ್ತಿರಲಿಲ್ಲ. ಒಂಬತ್ತು ದಿನ ಇತ್ತು. ಹೆಸರಿಡುವ ತನಕವೂ ಉಳಿಯಲಿಲ್ಲ. ಗ್ರಹಣದ ದಿನ ಸೊಸೆ ಕುಂಬಳಕಾಯಿ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎಂದು ಅವ್ವ ತೀರ್ಪು ಕೊಟ್ಟಳು. ಆ ಕುಂಬಳಕಾಯಿಯ ಹುಳಿಯನ್ನು ನಾನು ಚಪ್ಪರಿಸಿಕೊಂಡು ಉಂಡಿದ್ದೆ, ಆದ್ದರಿಂದ ಬಾಯಿ ಬಿಡಲಿಲ್ಲ. ಹೆಂಡತಿ ಪಾವಗಡದ ಕಡೆ ನಿಡುಗಲ್ಲಿನ ಹುಡುಗಿ. ಅವರಮ್ಮ ಬಂದು ಕರೆದುಕೊಂಡು ಹೋದವರು ಆರು ತಿಂಗಳು ಕಳಿಸಲಿಲ್ಲ. ತಿರುಗಿ ಬಂದ ಮೇಲೆ ಇದು. ಈ ಸಲದ್ದು ನೆಟ್ಟಗೆ ಹುಟ್ಟುತ್ತದೆಯೇ? ಡಾಕ್ಟರ ಹಿಂದೆ ನಮೂನೆ ಹಿಡಿದು ತಿರುಗುವಾಗಲೆಲ್ಲ ನನ್ನ ತಲೆಯಲ್ಲಿದ್ದದ್ದು ಇದೊಂದೇ. ಡಾಕ್ಟರನ್ನೇ ಕೇಳಬಹುದಿತ್ತು. ಗುಮಾಸ್ತನಾದವನು ಮೇಲಿನವರನ್ನು ಪ್ರಶ್ನೆ ಕೇಳುವುದು ಆ ಕಾಲದಲ್ಲಿ ಇರಲಿಲ್ಲ, ಈಗಲೂ ಇದೆಯೋ ಇಲ್ಲವೋ ಕಾಣೆ.

ನಮೂನೆಯಲ್ಲಿ ಒಂದು ಖಾನೆ ಇತ್ತು: ಜನರು ಹೇಳುವ ಕಾರಣ. ಅದೊಂದೇ ಖಾನೆಗೆ ಜನ ಧಾರಾಳವಾಗಿ ಉತ್ತರ ಕೊಟ್ಟರು. ಕೊಳಾಲದಲ್ಲಿ ಒಬ್ಬರು, ಬಸುರಿ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು, ಅದಕ್ಕೆ ಕೂಸಿನ ಪಾದ ಸೊಟ್ಟಗಾಯಿತು ಎಂದರು. ತೋವಿನಕೆರೆಯಲ್ಲಿ ಒಬ್ಬ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಕಾರಣ ಏನ್ ಬಂತು ಸ್ವಾಮಿ, ಬಸುರಾದಾಗ್ಲೂ ನನ್ ಮಾತಿಗೆ ಎದುರು ಮಾತಾಡ್ತಿದ್ಲು. ಕೂಸಿನ ತುಟಿ ಸೀಳ್ದೆ ಇನ್ನೇನಾದಾತು?" ಎಂದಳು. ಡಾಕ್ಟರು, "ಬರೆಯಿರಿ" ಎಂದರು. ಬರೆದೆ. ಗ್ರಹಣ ಎಂದು ಬರೆದು ಬರೆದು ನನಗೆ ಆ ಪದದ ಮೇಲೇ ಬೇಸರ ಬಂದಿತ್ತು. ಒಂದು ಕಡೆಯೂ ಒಬ್ಬನೂ ಗಂಡಸಿನಿಂದ ಏನಾದರೂ ಆಗಿರಬಹುದು ಎಂದು ಹೇಳಲಿಲ್ಲ. ಗ್ರಹಣದಲ್ಲಿ ಗಂಡಸರು ಏನು ಹೆಚ್ಚಿದರೂ ನಡೆಯುತ್ತದೆ ಎಂದು ಕಾಣುತ್ತದೆ.

ಊಟದ ಖಾನೆಗೆ ಬಂದರೆ ಮಾತ್ರ ಉಣ್ಣುವ ಬಾಯಿ ಬೇರೆ, ಉತ್ತರ ಕೊಡುವ ಬಾಯಿ ಬೇರೆ. ಕೇಳಬೇಕಾದದ್ದು ಬಸುರಿಯನ್ನು. ಬಸುರಿ ಪರಗಂಡಸರ ಮುಂದೆ ಮಾತಾಡುವ ಹಾಗಿಲ್ಲ, ಬಾಗಿಲ ಹಿಂದೆ ನಿಂತಿರುತ್ತಾಳೆ. ಉತ್ತರ ಅತ್ತೆಯದು. ಅತ್ತೆಯಾದವಳು ಬೆಂಗಳೂರಿನ ಪೇಟದ ಮುಂದೆ, ನನ್ನ ಸೊಸೆಗೆ ಮುದ್ದೆ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುತ್ತಾಳೆಯೇ? ಮನೆತನ ಏನಾಗಬೇಕು! ಹಾಲು ಎಂದಳು, ಮೊಸರು ಎಂದಳು, ತುಪ್ಪ ಎಂದಳು, ಬೇಳೆ ಎಂದಳು, ನಾವು ಇನ್ನಷ್ಟು ಹೊತ್ತು ಕೂತಿದ್ದರೆ ದಾಳಿಂಬೆ ಎಂದೂ ಸೇರಿಸುತ್ತಿದ್ದಳು.

ನಾಲ್ಕು ತಾಲ್ಲೂಕಿನಲ್ಲಿ ನಿಜ ಹೇಳಿದವರು ಒಬ್ಬರೇ. ಶಿರಾದಲ್ಲಿ, ಕೋಟೆಯ ಹತ್ತಿರದ ಒಂದು ಮನೆಯಲ್ಲಿ, ಪರದೆಯ ಹಿಂದಿನಿಂದ ಒಬ್ಬ ಮುದುಕಿ ಮಾತಾಡಿದರು. "ಡಾಕ್ಟರ್ ಸಾಬ್, ಮನೇಲಿ ಏನು ಪಕಾಯಿಸ್ತಾರೆ ಅಂತ ಕೇಳಬೇಡಿ, ಏನು ಬಾಕಿ ಉಳೀತದೆ ಅಂತ ಕೇಳಿ. ಮರ್ದ್ ಲೋಗ್ ತಿಂದು ಎದ್ದ ಮೇಲೆ ಡೇಗ್ಚಿ ತಳದಾಗೆ ಏನೈತೆ, ಅದೇ ನಮ್ಮ ಬಹೂದು ಖಾನಾ." ಗಂಡಸರು ಉಂಡು ಮಿಕ್ಕದ್ದೇ ಸೊಸೆಯ ಊಟ ಎಂದರೆ! ಡಾಕ್ಟರು ನನ್ನ ಮುಖ ನೋಡಿದರು. ನಾನು ನಮೂನೆ ನೋಡಿದೆ. ರಾಗಿಗೆ ಖಾನೆ ಇತ್ತು, ಅಕ್ಕಿಗೆ ಇತ್ತು, ಹಣ್ಣಿಗೆ ಇತ್ತು. ಉಳಿದದ್ದು ಎಂಬುದಕ್ಕೆ ಖಾನೆ ಇರಲಿಲ್ಲ. "ಉತ್ತರ ಸ್ಪಷ್ಟವಿಲ್ಲ" ಎಂದು ಬರೆದು ಸಲಾಮು ಮಾಡಿ ಎದ್ದು ಬಂದೆವು.

ಬಾಯಿಮಾತು ಸಾಲದು ಎಂದು ಡಾಕ್ಟರಿಗೂ ಅನ್ನಿಸಿರಬೇಕು. ಮಧುಗಿರಿಗೆ ಬಂದ ಮೇಲೆ ಹೊಸ ಪದ್ಧತಿ ತಂದರು. ಊಟದ ಹೊತ್ತಿಗೇ ಮನೆಗೆ ಹೋಗುವುದು, ಬಸುರಿಗೆ ಬಡಿಸಿದ ತಟ್ಟೆಯನ್ನು ಕಣ್ಣಾರೆ ನೋಡುವುದು, ಒಂದೊಂದನ್ನೂ ತಕ್ಕಡಿಯಲ್ಲಿ ತೂಗುವುದು. ಮೊದಲು ನಮ್ಮ ಪೇಟೆಬೀದಿಯಿಂದಲೇ ಶುರು. ಮೊದಲನೇ ಮನೆಯಲ್ಲಿ ನಡುಮನೆ ಸಾರಿಸಿ ರಂಗೋಲಿ ಹಾಕಿತ್ತು. ತಟ್ಟೆಯಲ್ಲಿ ಬಿಸಿ ಮುದ್ದೆ, ಅನ್ನ, ಹುರುಳಿಕಾಳು, ಸೊಪ್ಪಿನ ಪಲ್ಯ, ಒಂದು ಲೋಟ ಹಾಲು, ಪಕ್ಕದಲ್ಲಿ ತುಪ್ಪದ ಗಿಂಡಿ. ತಲೆಯ ಮೇಲೆ ಸೆರಗು ಹೊದ್ದ ಹುಡುಗಿಯನ್ನು ತಂದು ತಟ್ಟೆಯ ಮುಂದೆ ಕೂರಿಸಿದರು. ಅವಳು ಆ ತಟ್ಟೆಯನ್ನು ನೋಡಿದ ರೀತಿಗೆ, ಅದು ಯಾರದೋ ಮದುವೆಯ ಎಲೆ ಎಂದು ತಿಳಿದಿದ್ದಳೋ ಏನೋ. ಡಾಕ್ಟರು ತೂಗಿದರು, ನಾನು ಬರೆದೆ. ಹುಡುಗಿ ಒಂದು ಅಗುಳೂ ಮುಟ್ಟಲಿಲ್ಲ. "ನಾಚಿಕೆ, ಪಾಪ. ನಾವು ಹೋಗೋಣ, ತಿನ್ನಲಿ" ಎಂದರು ಡಾಕ್ಟರು. ಸಭ್ಯರು. ನಾವು ಹೋದ ಮೇಲೆ ತಟ್ಟೆ ಎಲ್ಲಿಗೆ ಹೋಯಿತು ಎಂದು ನೋಡುವಷ್ಟು ಅಸಭ್ಯರಾಗಿದ್ದರೆ ಅವರ ಕೆಲಸ ನೆಟ್ಟಗಾಗುತ್ತಿತ್ತು.

ಎರಡನೇ ಮನೆ. ಅದೇ ರಂಗೋಲಿ, ಅದೇ ಮುದ್ದೆ, ತುಪ್ಪದ ಗಿಂಡಿ. ಮೂರನೇ ಮನೆಯಲ್ಲಿ ಡಾಕ್ಟರು ಗಿಂಡಿಯನ್ನು ತೂಗುತ್ತ, "ಏನಾಶ್ಚರ್ಯ ಗುಮಾಸ್ತರೇ! ಈ ಬೀದಿಯಲ್ಲಿ ಎಲ್ಲರ ಮನೆಯ ತುಪ್ಪದ ಗಿಂಡಿಯೂ ಒಂದೇ ತೂಕ! ಬಡವ ಬಲ್ಲಿದ ಎಂಬ ಭೇದವೇ ಇಲ್ಲ" ಎಂದರು. ಆಗ ನಾನೂ ಗಿಂಡಿಯ ಕಡೆ ಸರಿಯಾಗಿ ನೋಡಿದೆ. ಬಾಯಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ತಗ್ಗು. ಆ ತಗ್ಗು ನನಗೆ ಚೆನ್ನಾಗಿ ಗೊತ್ತು. ಅದು ಬಿದ್ದದ್ದು ನಮ್ಮ ಹಿತ್ತಲ ಬಾವಿಯ ಕಲ್ಲಿನ ಮೇಲೆ, ಬೀಳಿಸಿದವನು ನಾನು. ಅದು ನಮ್ಮ ಮನೆಯ ಗಿಂಡಿ.

ಯೋಚಿಸಿ ನನ್ನ ಸ್ಥಿತಿಯನ್ನು. ನಾವು ಮುಂಬಾಗಿಲಿನಿಂದ ಹೊರಬಿದ್ದು ಜಗಲಿಯಲ್ಲಿ ಕೊಟ್ಟ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನಮ್ಮ ಗಿಂಡಿ ಹಿತ್ತಲ ಬಾಗಿಲಿನಿಂದ ಹೊರಟು ಮುಂದಿನ ಮನೆ ಸೇರುತ್ತಿತ್ತು. ಮಹಾರಾಜರ ಸವಾರಿಗೂ ಅಷ್ಟು ಕರಾರುವಾಕ್ಕಾದ ಏರ್ಪಾಡು ಇರಲಿಲ್ಲ. ಮುಂದಿನ ಮನೆ ಯಾವುದು ಎಂದು ಊರಿಗೆ ಗೊತ್ತಾಗುತ್ತಿದ್ದುದು ಹೇಗೆ? ಅದನ್ನೂ ಹೇಳಿಬಿಡುತ್ತೇನೆ, ಈಗ ನಾಚಿಕೆ ಪಟ್ಟು ಏನು ಪ್ರಯೋಜನ. ಊಟಕ್ಕೆ ಕೂತಾಗ ಅವ್ವ ಮುದ್ದೆ ಇಡುತ್ತ, "ನಾಳೀಕೆ ಯಾರ್ ಮನೇಗ್ಲಾ ಮಗ ನಿಮ್ ತಕ್ಕಡಿ?" ಎನ್ನುತ್ತಿದ್ದಳು. ನಾನು ದೊಡ್ಡ ಅಧಿಕಾರಿಯ ಗತ್ತಿನಲ್ಲಿ, ಪಲ್ಯ ಅಗಿಯುತ್ತ, ಮನೆಗಳ ಹೆಸರನ್ನು ವರಸೆಯಾಗಿ ಹೇಳುತ್ತಿದ್ದೆ.

ಅವತ್ತು ಮನೆಗೆ ಬಂದವನೇ ಕೇಳಿದೆ. "ಅವ್ವ, ಇದೇನಿದು? ಸರ್ಕಾರಿ ಕೆಲಸಕ್ಕೆ ಇಂಗೆ ಮಾಡಬಹುದಾ?"

ಅವ್ವ ಒಲೆ ಮುಂದಿನಿಂದ ಏಳಲೇ ಇಲ್ಲ. "ಸುಮ್ಕಿರ್ಲಾ, ಬಂದ್ಬುಟ್ಟ ದೊಡ್ಡ ಸರ್ಕಾರದೋನು! ನಮ್ಮೂರ ಹೆಣ್ಮಕ್ಳು ಒಣಮುದ್ದೆ ಮುರೀತಾರೆ ಅಂತ ಬರ್ದು ಮಾರಾಜ್ರಿಗೆ ಕಳ್ಸೀಯಾ? ಊರಿಂದ ಊರ್ಗೆ ನಗೆಪಾಟ್ಲು ಆಗಾಕೆ? ಗಿಂಡಿ ಇತ್ತು, ಕೊಟ್ಟೆ. ನಾಳೆ ಅವ್ರ ಮನೆ ಒಳಕಲ್ಲು ನಮ್ಗೆ ಬೇಕಾಯ್ತದೆ, ಕೊಡ್ತಾರೆ. ಅದ್ಕೂ ನಿನ್ ಪೆನ್ಸಿಲ್ಗೂ ಏನ್ಲಾ?"

ಡಾಕ್ಟರಿಗೆ ಹೇಳಿದರೆ ಅವ್ವನ ಮಾನ ಹೋಗುತ್ತದೆ. ಹೇಳದಿದ್ದರೆ ಡಾಕ್ಟರ ಕೆಲಸ ಹೋಗುತ್ತದೆ. ನನ್ನಂಥವನು ಯಾವುದನ್ನು ಆರಿಸಿಕೊಂಡೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅವತ್ತು ಬಸ್ಸಾರಿನ ದಿನ. ಸೊಪ್ಪು ಕಾಳು ಬೇಯಿಸಿ ಬಸಿದು, ನೀರನ್ನು ಸಾರು ಮಾಡಿ ಸೊಪ್ಪನ್ನು ಒಗ್ಗರಣೆಗೆ ಹಾಕುತ್ತಾರಲ್ಲ, ಆ ಪಲ್ಯವನ್ನು ಮೂರು ಸಲ ಹಾಕಿಸಿಕೊಳ್ಳುವುದರಲ್ಲಿ ನಾನು ಹೆಸರುವಾಸಿ. ನನ್ನ ಮಗನಿಗೆ ಸೊಪ್ಪು ಒಂದಿದ್ದರೆ ಸಾಕು ಎಂದು ಅವ್ವ ನೆಂಟರ ಮುಂದೆಲ್ಲ ಹೇಳಿಕೊಂಡು ಬೀಗುತ್ತಿದ್ದಳು. ನಮ್ಮ ಜೊತೆಗೇ ಇದ್ದ ಚಿಕ್ಕಪ್ಪಂದಿರಿಬ್ಬರೂ ನಾನೂ ಕೂತು ಉಂಡು ಎದ್ದೆವು.

ಇಲ್ಲೊಂದು ಮಾತು ಹೇಳಬೇಕು. ನನಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಅಷ್ಟು ಹೊತ್ತಿಗೆ ನಾನು ನಾಲ್ಕು ತಾಲ್ಲೂಕಿನ ಬಸುರಿಯರ ಊಟವನ್ನು ಬರೆದಿದ್ದೆ, ನಮ್ಮ ಬೀದಿಯದನ್ನಂತೂ ಗುಲಗಂಜಿ ತೂಕದ ತನಕ. ನನ್ನ ಹೆಂಡತಿ ಉಣ್ಣುವುದನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ನೋಡುವ ಪದ್ಧತಿಯೇ ಇರಲಿಲ್ಲ. ನಾವು ಉಂಡು ಕೈತೊಳೆದು ಜಗಲಿಗೆ ಬಂದ ಮೇಲೆ ಅಡಿಗೆಮನೆಯ ಬಾಗಿಲು ಓರೆಯಾಗುತ್ತಿತ್ತು. ಅದರ ಹಿಂದೆ ಏನು ನಡೆಯುತ್ತದೆ ಎಂಬುದು ಸರ್ಕಾರಕ್ಕೆ ಬೇಕಾಗಿತ್ತು, ನನಗೆ ಬೇಕಾಗಿರಲಿಲ್ಲ.

ಬೀದಿಯ ಸುತ್ತು ಮುಗಿದು ಕಡೆಗೆ ನಮ್ಮ ಮನೆಯ ಸರದಿ ಬಂತು. ಗಿಂಡಿ ಹಿಂದಿನ ದಿನವೇ ಊರೆಲ್ಲ ಮೆರೆದು ಸ್ವಸ್ಥಾನಕ್ಕೆ ಬಂದಿತ್ತು. ಅವ್ವ ಮಡಿ ಸೀರೆ ಉಟ್ಟಿದ್ದಳು. ತಟ್ಟೆ ತುಂಬಿತ್ತು. ಹೆಂಡತಿಯನ್ನು ತಂದು ಕೂರಿಸಿದರು. ಡಾಕ್ಟರು ಮುದ್ದೆ ತೂಗಿದರು, ಅನ್ನ ತೂಗಿದರು, ಪಲ್ಯ ತೂಗಿದರು, ಹಳೆಯ ಗೆಳೆಯನನ್ನು ಕಂಡವರಂತೆ ಗಿಂಡಿಯನ್ನು ಎತ್ತಿ ನೋಡಿ ನಕ್ಕರು. ಆಮೇಲೆ ಎಲ್ಲ ಕಡೆಯೂ ಹೇಳುತ್ತಿದ್ದಂತೆ, "ನಾಚಿಕೋಬೇಡಿ ತಾಯಿ, ಊಟ ಮಾಡಿ" ಎಂದರು. ಎಲ್ಲ ಕಡೆಯೂ ಆದಂತೆ ಇಲ್ಲೂ ಆಗುತ್ತದೆ ಎಂದು ನಾನು ನಮೂನೆಯನ್ನು ಮಡಿಸಲು ಶುರು ಮಾಡಿದ್ದೆ.

ಅವಳು ತಿಂದಳು.

ಮೊದಲು ಸೊಪ್ಪಿಗೆ ಕೈ ಹಾಕಿದಳು. ಆಮೇಲೆ ಮುದ್ದೆ. ಆಮೇಲೆ ಕಾಳು. ಸೆರಗು ಜಾರಿದ್ದು ಗೊತ್ತಾಗಲಿಲ್ಲ. ಎದುರಿಗೆ ಬೆಂಗಳೂರಿನ ಪೇಟ ಇದೆ, ಗಂಡ ಇದ್ದಾನೆ, ಅತ್ತೆ ಕಣ್ಣಲ್ಲೇ ಸುಡುತ್ತಿದ್ದಾಳೆ, ಯಾವುದೂ ಗೊತ್ತಾಗಲಿಲ್ಲ. ತುತ್ತಿನ ಮೇಲೆ ತುತ್ತು. ಯಾರಾದರೂ ಎತ್ತಿಕೊಂಡು ಹೋಗುತ್ತಾರೇನೋ ಎಂಬಂತೆ ಎಡಗೈಯಲ್ಲಿ ತಟ್ಟೆಯ ಅಂಚು ಹಿಡಿದುಕೊಂಡಿದ್ದಳು. ತಟ್ಟೆ ಬರಿದಾಯಿತು. ತಲೆ ಎತ್ತದೆ, ಪಲ್ಯದ ಪಾತ್ರೆಯ ಕಡೆ ಕೈ ಚಾಚಿ, ಹುಟ್ಟಿದೂರಿನ ತೆಲುಗಿನಲ್ಲಿ, "ಇಂಕಾ ಕೊಂಚೆಂ" ಎಂದಳು.

"ಏನಂದರು?" ಎಂದರು ಡಾಕ್ಟರು.

"ಇನ್ನೊಂದು ಸ್ವಲ್ಪ ಅಂತ ಕೇಳ್ತಿದಾಳೆ ಸಾರ್" ಎಂದೆ. ಹಸಿವು ಎಂದರೆ ಏನು ಎಂದು ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ಕಚೇರಿಯಿಂದ ಬರುವುದು ತಡವಾದರೆ ನನಗೂ ಹಸಿವಾಗುತ್ತಿತ್ತು, ಕೂಗಾಡುತ್ತಿದ್ದೆ. ಇದು ಆ ಹಸಿವಲ್ಲ. ನನಗೆ ಅವಳ ಮೇಲೆ ಕನಿಕರ ಬರುವ ಮೊದಲು ನನ್ನ ಮೇಲೆ ಹೇಸಿಗೆ ಬಂತು.

ಡಾಕ್ಟರಿಗೆ ಮಾತ್ರ ಆನಂದ. "ಭೇಷ್! ಹೀಗಿರಬೇಕು ಬಸುರಿ. ಅಜ್ಜಿ, ದಿನಾ ಇದೇ ಊಟವೇ?"

ಆಗ ಅವ್ವ ಹೇಳಿದ್ದೇ ಆ ಮಾತು. "ನಮ್ಮನೇಲಿ ಹಾಲು ತುಪ್ಪಕ್ಕೇನು ಬರ ಬಂದಿಲ್ಲ ಸ್ವಾಮಿ. ದಿನಾ ತಿಂತಾಳೆ, ಬರ್ಕೊಳ್ಳಿ."

"ಬರೆಯಿರಿ ಗುಮಾಸ್ತರೇ."

ಹೆಂಡತಿ ಆಗ ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಪೆನ್ಸಿಲನ್ನು ನೋಡಿದಳು. ನಾನು ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ದುಂಡಗೆ, ದಿನಾ ಎಂದು ಬರೆದೆ.

ಇಷ್ಟಾದ ಮೇಲೆ ನಾನು ಎದ್ದು ನಿಂತು ಅವ್ವನಿಗೆ ಬುದ್ಧಿ ಹೇಳಿದೆ ಎಂದು ನೀವು ಎಣಿಸಿದರೆ ನಿಮಗೆ ನನ್ನ ಪರಿಚಯ ಇನ್ನೂ ಆಗಿಲ್ಲ. ಧೈರ್ಯ ಇಲ್ಲದವನಿಗೆ ಸುಳ್ಳು ಒಂದೇ ದಾರಿ. ಮಾರನೇ ದಿನ ಕಚೇರಿಯಿಂದ ಒಂದು ಖಾಲಿ ನಮೂನೆಯನ್ನು ತಂದು ಅವ್ವನ ಮುಂದೆ ಹಿಡಿದು, "ಹುಕುಂ ಬಂದದೆ. ಗುಮಾಸ್ತರ ಮನೇಲಿ ಬಸುರಿ ಇದ್ರೆ ದಿನಾ ಮಧ್ಯಾಹ್ನ ಗುಮಾಸ್ತನೇ ಎದುರಿಗೆ ಕೂತು ತಟ್ಟೆ ತೂಗಿ ಬರೀಬೇಕಂತೆ. ತಪ್ಪಿದ್ರೆ ಕೆಲಸ ಹೋಯ್ತದೆ" ಎಂದೆ.

ಅವ್ವ ಕಾಗದವನ್ನು ತಿರುಗಾ ಮುರುಗಾ ನೋಡಿದಳು. ಓದು ಬಾರದು, ಆದರೆ ಮೇಲಿದ್ದ ಸರ್ಕಾರದ ಮೊಹರು ಕಾಣುತ್ತಿತ್ತು. "ಎಷ್ಟ್ ದಿನ ಈ ಹುಕುಂ?"

"ಹೆರಿಗೆ ಆಗಾಗಂಟ."

"ಸರ್ಕಾರಕ್ಕೆ ಮಾಡಾಕೆ ಬ್ಯಾರೆ ಕ್ಯಾಮೆ ಇಲ್ವಾ? ಹೆಣ್ಣೆಂಗ್ಸು ಗಂಡನ ಮುಂದೆ ಕುಂತು ಉಣ್ಣೋದು ಅಂದ್ರೆ! ಕಲಿಗಾಲ ಕಣಪ್ಪ" ಎಂದಳು. ಎಂದರೂ ಹುಕುಂ ಹುಕುಮೇ. ಚಿಕ್ಕಪ್ಪನ ಅಂಗಡಿಯಿಂದ ಬೇಳೆ ತೂಗುವ ತಕ್ಕಡಿ ತಂದೆ. ಅವತ್ತಿನಿಂದ ನಾಲ್ಕು ತಿಂಗಳು ನಾನೂ ನನ್ನ ಹೆಂಡತಿಯೂ ಎದುರು ಬದುರು ಕೂತು ಊಟ ಮಾಡಿದೆವು, ನಡುವೆ ಒಂದು ತಕ್ಕಡಿ. ನನ್ನ ತಟ್ಟೆಯ ಪಲ್ಯ ಮೂರು ಸಲದಿಂದ ಒಂದು ಸಲಕ್ಕೆ ಇಳಿಯಿತು. ನನಗೆ ಅದು ತ್ಯಾಗ ಎನ್ನಿಸುತ್ತಿತ್ತು, ನೋಡಿ ನನ್ನ ದೊಡ್ಡತನ. ಡಾಕ್ಟರು ಊರು ಬಿಟ್ಟು ಹೋದ ಮೇಲೂ ಹುಕುಂ ಜಾರಿಯಲ್ಲಿತ್ತು. ಅವ್ವ ಎಲ್ಲರಿಗಿಂತ ಕಡೆಗೆ, ಸೊಸೆಯೂ ಉಂಡಾದ ಮೇಲೆ, ಒಲೆಯ ಪಕ್ಕ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅವಳ ತಟ್ಟೆ ತೂಗಲು ಒಂದು ಹುಕುಂ ಹೊರಡಿಸಬೇಕೆಂದು ನನಗ್ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಅವಳು ಹೋದ ಮೇಲೆ ಹೊಳೆಯಿತು.

ಬಹಳ ವರ್ಷದ ಮೇಲೆ ಒಂದು ಸಲ ಹೆಂಡತಿಗೆ ಗುಟ್ಟು ಹೇಳಿದೆ, ಆ ಹುಕುಂ ಸುಳ್ಳು ಎಂದು. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು ಬುಡಿ. ಸರ್ಕಾರ ಯಾವತ್ತಾದ್ರೂ ಊಟದ ಹೊತ್ಗೆ ಸರ್ಯಾಗಿ ಬಂದಿದ್ದುಂಟಾ?" ಎಂದಳು.

ಡಾಕ್ಟರ ವರದಿಯನ್ನು ನಕಲು ಮಾಡಿದವನೂ ನಾನೇ. ಈ ಸೀಮೆಯ ಬಸುರಿಯರ ಆಹಾರ ತೃಪ್ತಿಕರವಾಗಿದೆ, ಕೂಸುಗಳ ದೋಷಕ್ಕೆ ಕಾರಣವನ್ನು ಬೇರೆ ಕಡೆ ಹುಡುಕತಕ್ಕದ್ದು ಎಂದು ಅದರ ಸಾರಾಂಶ. ಹೊರಡುವ ದಿನ ಡಾಕ್ಟರು ತಕ್ಕಡಿಯನ್ನು ಮಖಮಲ್ಲಿನ ಮೇಲೆ ಮಲಗಿಸುತ್ತ, "ನನ್ನ ಊಹೆ ತಪ್ಪಾಯಿತು ಗುಮಾಸ್ತರೇ. ನಿಮ್ಮ ಹೆಂಗಸರು ನಮ್ಮ ಬೆಂಗಳೂರಿನವರಿಗಿಂತ ಚೆನ್ನಾಗಿ ತಿನ್ನುತ್ತಾರೆ" ಎಂದರು. ಆ ಮನುಷ್ಯನ ಊಹೆ ಸರಿಯಾಗಿತ್ತು. ಅದು ತಪ್ಪು ಎಂದು ಅವರನ್ನು ನಂಬಿಸಿ ಕಳಿಸಿದ್ದು ಒಂದು ತಗ್ಗು ಬಿದ್ದ ಗಿಂಡಿ ಮತ್ತು ಒಬ್ಬ ಗುಮಾಸ್ತ. ಬಾಯಿಯ ತನಕ ಬಂದಿತ್ತು, ಹೇಳಬಹುದಿತ್ತು. ಎತ್ತಿನಗಾಡಿ ಹೊರಟಿತು, ಕೈ ಮುಗಿದೆ.

ನಮಗೆ ಹೆಣ್ಣಾಯಿತು. ಸೂಲಗಿತ್ತಿ ಕೂಸನ್ನು ಹೊರಗೆ ತಂದಾಗ ನಾನು ಮುಖ ನೋಡಲಿಲ್ಲ, ಮೊದಲು ಬೆನ್ನು ತಿರುಗಿಸಿ ನೋಡಿದೆ. ನೆಟ್ಟಗಿತ್ತು. ಎರಡು ಕಾಲೂ ಒದೆಯುತ್ತಿದ್ದವು. ನಾನು ಅಲ್ಲೇ ಹಿತ್ತಲಿನಲ್ಲಿ ಕೂತು ಅತ್ತುಬಿಟ್ಟೆ. ಗ್ರಹಣದ ದಿನ ಸೊಸೆಯನ್ನು ಕೋಣೆಯೊಳಗೆ ಹಾಕಿ ಅಗುಳಿ ಹಾಕಿದ್ದರಿಂದಲೇ ಹೀಗಾಯಿತು ಎಂದು ಅವ್ವ ಬೀದಿಗೆಲ್ಲ ಸಾರಿದಳು. ನಾನು ಒಳಗೊಳಗೇ, ಅಲ್ಲ, ನನ್ನ ತಕ್ಕಡಿಯಿಂದ ಎಂದುಕೊಂಡೆ. ಇವತ್ತು ಬೆಳಿಗ್ಗೆಯ ತನಕ ಹಾಗೆಯೇ ಅಂದುಕೊಂಡಿದ್ದೆ.

ನರ್ಸಮ್ಮ ಬರೆದು ಮುಗಿಸಿ ಒಂದು ಮಾತ್ರೆಯ ಪಟ್ಟಿ ತೆಗೆದಳು. "ಇದನ್ನ ತಪ್ಪಿಸಬೇಡಿ ತಾತ. ಸೊಪ್ಪಿನಲ್ಲಿರೋ ಸತ್ವಾನೇ ಇದು. ಮಗು ಬೆನ್ನುಮೂಳೆ ಸರಿಯಾಗಿ ಕೂಡಿಕೊಳ್ಳೋಕೆ ಇದೇ ಬೇಕು. ಅದು ಕೂಡಿಕೊಳ್ಳೋದು ಮೊದಲನೇ ತಿಂಗಳಲ್ಲೇ, ಆದ್ದರಿಂದ ಬಸಿರು ನಿಲ್ಲೋಕೆ ಮುಂಚೆಯಿಂದ್ಲೇ ಹೆಣ್ಣುಮಕ್ಕಳು ಸೊಪ್ಪು ಕಾಳು ಚೆನ್ನಾಗಿ ತಿಂದಿರಬೇಕು. ಆಮೇಲೆ ತಿಂದರೆ ರಕ್ತಕ್ಕೆ ಒಳ್ಳೇದು, ಬೆನ್ನಿಗೆ ಉಪಯೋಗ ಇಲ್ಲ."

ಬೆನ್ನು ಎಂದದ್ದೇ ತಡ, ಒಳಗೆ ಪಾತ್ರೆಯ ಸದ್ದು ನಿಂತಿತು. ನಾನು ಲೆಕ್ಕ ಹಾಕಿದೆ. ನನ್ನ ಹುಕುಂ ಹೊರಟದ್ದು ಐದನೇ ತಿಂಗಳಿಗೆ. ಬಸಿರು ನಿಲ್ಲುವುದಕ್ಕೆ ಮೊದಲು ಆರು ತಿಂಗಳು ಅವಳು ನಿಡುಗಲ್ಲಿನಲ್ಲಿ ಅವಳಮ್ಮನ ಹತ್ತಿರ ಇದ್ದಳು. ಹೊಲದ ಬದುವಿನ ಬೆರಕೆಸೊಪ್ಪನ್ನೆಲ್ಲ ಕಿತ್ತು ತಂದು ಮಗಳಿಗೆ ಹಾಕಿದ ಆ ಹೆಂಗಸಿಗೆ ನಾನು ಒಂದು ದಿನವೂ ಒಳ್ಳೆಯ ಮಾತಾಡಿದವನಲ್ಲ, ಸೊಸೆಯನ್ನು ಬೇಗ ಕಳಿಸಲಿಲ್ಲ ಎಂದು ಅವ್ವನ ಜೊತೆ ಸೇರಿ ಬೈದಿದ್ದೆ. ಅರವತ್ತು ವರ್ಷ ಹೊತ್ತು ತಿರುಗಿದ ಹೆಮ್ಮೆ ಜಗಲಿಯ ಮೇಲೆ ಹಾಗೇ ಬಿದ್ದುಹೋಯಿತು.

"ತಾಳಮ್ಮ, ನಾನು ಹೇಳಿದ್ನಲ್ಲ ಹಾಲು ತುಪ್ಪ ಅಂತ, ಅದನ್ನ ಹೊಡೆದುಹಾಕು" ಎಂದೆ. "ಒಳಗೆ ಹೋಗಿ ಆ ಹುಡುಗೀನೇ ಕೇಳು. ಬಾಗಿಲು ಮುಂದಕ್ಕೆ ಹಾಕ್ಕೊಂಡು ಕೇಳು."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ತುಪ್ಪದ ತಳದ ನುಗ್ಗೆಸೊಪ್ಪು. ಎಂದಿನಂತೆ ನನಗೆ.

"ಅವಾಗ್ಲೂ ಯಾರಾದ್ರೂ ನನ್ನ ಇಂಗೇ ಕೇಳಿದ್ರೆ ಹೇಳ್ತಿದ್ದೆ" ಎಂದಳು.

ನಾನು ಬಟ್ಟಲು ಮುಟ್ಟಲಿಲ್ಲ. "ಈಗ ಕೇಳ್ತೀನಿ. ಮೊದಲನೆಯವನ ಬಸುರಿನಲ್ಲಿ ಏನು ತಿಂತಿದ್ದೆ?"

ಅವಳು ಬೀದಿಯ ಕಡೆ ನೋಡುತ್ತ ನೆನಪು ಮಾಡಿಕೊಂಡಳು. ಸಿಟ್ಟಿರಲಿಲ್ಲ, ನಮೂನೆಗೆ ಉತ್ತರ ಕೊಡುವವರ ಹಾಗೆ ಒಂದೊಂದಾಗಿ ಹೇಳಿದಳು. "ಮುದ್ದೆ. ಒಂದೊಂದ್ ದಿನ ಅರ್ಧ. ಬಸಿದ ನೀರು ಮಿಕ್ಕಿರ್ತಿತ್ತು, ಅದ್ಕೆ ಉಪ್ಪು ಹಾಕ್ಕೊಂತಿದ್ದೆ. ಒಂದು ಹಸಿಮೆಣಸಿನಕಾಯಿ."

"ಹಾಲು?"

"ನಿಮ್ ಚಿಕ್ಕಪ್ಪನೋರ ಕಾಫಿಗೇ ಸಾಲ್ತಿರ್ಲಿಲ್ಲ."

"ತುಪ್ಪ?"

"ಹಬ್ಬದಾಗೆ ವಾಸ್ನೆ ಬತ್ತಿತ್ತು."

"ಸೊಪ್ಪು?" ಎಂದೆ.

ಅವಳು ನನ್ನ ಕಡೆ ತಿರುಗಿದಳು.

"ಸೊಪ್ಪು ನೀವು ತಿಂತಿದ್ರಲ್ಲ" ಎಂದಳು.